ಹನ್ನೆರಡನೆಯ ಮನೆ

ಅವನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ರಸಮಟ್ಟದ ಮೇಸ್ತ್ರಿ ಎಂದರೆ ಎಳೆ ಮಕ್ಕಳೂ ಮನೆ ತೋರಿಸುತ್ತಿದ್ದವು. ಗೋಡೆ ಸಮವಿದೆಯೋ ಇಲ್ಲವೋ ನೋಡುವ, ಒಳಗೊಂದು ಗುಳ್ಳೆ ಓಡಾಡುವ ಆ ಪಟ್ಟಿ ಇಲ್ಲದೆ ಅವನು ಹೊಸಲು ದಾಟಿದ್ದನ್ನು ಕಂಡವರಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಗೋಡೆ ಸವರುತ್ತಿದ್ದ. "ಅರ್ಧ ಬೆರಳು ಓರೆ," ಎಂದು ಮುಲಾಜಿಲ್ಲದೆ ಹೇಳಿಬಿಡುತ್ತಿದ್ದ. ಇಂಥವನನ್ನು ಕಟ್ಟಿಕೊಂಡು ಮೂವತ್ತು ವರ್ಷ ಬಾಳಿದ್ದಕ್ಕೆ ಅವನ ಹೆಂಡತಿಗೆ ಬದುಕಿರುವಾಗಲೇ ಸಂತರ ಪಟ್ಟ ಕೊಡಬಹುದಿತ್ತು.

ಹೀಗಿರುವಾಗ ಅವನ ತಲೆಗೆ ಚರ್ಚಿನ ಹುಳ ಹೊಕ್ಕಿತು.

ಹೊಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇದ್ದ ಚರ್ಚು ಹೊಳೆಯಾಚೆಯ ಪೇಟೆಯಲ್ಲಿ. ಭಾನುವಾರದ ಬಸ್ಸು ನಿಂತ ಮೇಲೆ ಕೈಕಾಲು ಗಟ್ಟಿಯಿದ್ದವರು ಮಾತ್ರ ಎರಡು ತಾಸು ನಡೆದು ಹೋಗುತ್ತಿದ್ದರು. ಉಳಿದವರು ಮನೆಯಲ್ಲೇ ಕೂತು ಪ್ರಾರ್ಥನೆ ಮುಗಿಸುತ್ತಿದ್ದರು. ಕಣ್ಣು ಕಾಣದ ಸೂಲಗಿತ್ತಿ ಅಜ್ಜಿ, ಅರ್ಧ ಊರನ್ನು ಮೊದಲು ಕೈಯಲ್ಲಿ ಎತ್ತಿಕೊಂಡವಳು, ಒಂದು ದಿನ ಮೇಸ್ತ್ರಿಯ ತೋಳು ಹಿಡಿದುಕೊಂಡಳು. "ನಾಲ್ಕು ಜನ ಒಟ್ಟಿಗೆ ಹಾಡೋದನ್ನ ಕೇಳಿ ಎರಡು ವರ್ಷ ಆಯ್ತಪ್ಪ. ನಾನು ಕಣ್ಮುಚ್ಚೋದ್ರೊಳಗೆ ಒಂದ್ಸಲ ಕೇಳಿಸ್ತೀಯಾ?" ಎಂದಳು. ಅಜ್ಜಿ ಕೇಳಿದ್ದು ಒಂದು ಸಲ. ಮೇಸ್ತ್ರಿ ಇಡೀ ಚರ್ಚನ್ನೇ ಹೊತ್ತುಕೊಂಡ.

ಜಾಗ ಆರಿಸಿದವನೂ ಅವನೇ. ಊರ ಅಂಚಿನಲ್ಲಿ, ಒಂದಡಿ ಅಗೆದರೆ ಬಂಡೆ ಸಿಗುವ ದಿಣ್ಣೆ. "ಇಲ್ಲಿ ಕಟ್ಟಿದ್ರೆ ನೂರು ವರ್ಷ ಗೋಡೆ ಬಿರುಕು ಬಿಡಲ್ಲ," ಎಂದು ಎದೆ ತಟ್ಟಿ ಹೇಳಿದ. ಚರ್ಚು ಎಂದ ಮೇಲೆ ಪಕ್ಕದಲ್ಲಿ ಸತ್ತವರಿಗೂ ಆರಡಿ ನೆಲ ಬೇಕು ಎನ್ನುವುದು ಅಡಿಪಾಯ, ಗೋಡೆ, ಸೂರು ಎಂದು ಯೋಚಿಸುವವನ ತಲೆಗೆ ಹೊಳೆಯಲೇ ಇಲ್ಲ. ಉಳಿದವರಿಗೂ ಹೊಳೆಯಲಿಲ್ಲ. ಹೊಸ ಚರ್ಚಿನ ಸಡಗರದಲ್ಲಿ ಸಾವಿನ ಮಾತು ಯಾರು ಎತ್ತುತ್ತಾರೆ?

ಆ ಮಾತು ಎತ್ತಿದವಳು ಅವನ ಹೆಂಡತಿ ಒಬ್ಬಳೇ. ಅವಳಿಗೆ ಕಾರಣವಿತ್ತು. ಅವರ ಒಬ್ಬಳೇ ಮಗಳು ಆರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಹದಿನೆಂಟು ವರ್ಷದಿಂದ ಪೇಟೆಯ ಚರ್ಚಿನ ಹಿಂಭಾಗದಲ್ಲಿ ಮಲಗಿದ್ದಳು. ಆರಾಧನೆ ಮುಗಿದ ಮೇಲೆ ತಾಯಿ ಅಲ್ಲಿ ಕೂತು ಹುಲ್ಲು ಕೀಳುತ್ತಿದ್ದಳು, ವಾರದ ಸುದ್ದಿಯೆಲ್ಲ ಹೇಳುತ್ತಿದ್ದಳು. ಪಕ್ಕದಲ್ಲಿ ಒಂದು ಖಾಲಿ ಜಾಗವಿತ್ತು. ಅದು ತನ್ನದು ಎಂದು ಅವಳು ಎಂದೋ ಗೊತ್ತುಮಾಡಿಕೊಂಡಿದ್ದಳು.

ಹೊಸ ಚರ್ಚಿನ ಸಭೆಗೆ ಮನ್ನಣೆ ಸಿಗಬೇಕಾದರೆ ಹನ್ನೆರಡು ಕುಟುಂಬಗಳು ಹಳೆಯ ಚರ್ಚಿನ ರಿಜಿಸ್ಟರಿನಿಂದ ಹೆಸರು ತೆಗೆಸಿ ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬೇಕು, ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕು. ಮೊದಲ ಐದು ವರ್ಷದಲ್ಲಿ ಒಂದು ಮನೆ ಕಡಿಮೆಯಾದರೂ ಮೇಲಿನ ಕಚೇರಿ ಪಾದ್ರಿಯನ್ನು ವಾಪಸ್ ಕರೆಸಿಕೊಂಡು ಚರ್ಚಿಗೆ ಬೀಗ ಹಾಕಿಸುತ್ತದೆ. ಹನ್ನೊಂದು ಮನೆ ಸಿಕ್ಕಿತು. ಹನ್ನೆರಡನೆಯದು ಮೇಸ್ತ್ರಿಯದೇ.

"ನಾನು ಹಾಕಲ್ಲ," ಎಂದಳು ಹೆಂಡತಿ. "ಹೆಸರು ಹೊಡೆದು ಹಾಕಿದ್ರೆ ನಾಳೆ ನನ್ನನ್ನ ಅವಳ ಪಕ್ಕ ಮಲಗ್ಸೋಕೆ ಬಿಡ್ತಾರಾ?"

"ದೇವರೇನು ರಿಜಿಸ್ಟರ್ ಹಿಡ್ಕೊಂಡು ಕೂತಿರ್ತಾನಾ? ಆವತ್ತಿಗೆ ನಾನಿಲ್ವೇನೇ? ನಾನು ನೋಡ್ಕೊಳ್ತೀನಿ."

ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಸಹಿ ಹಾಕಿದಳು.

ಚರ್ಚು ಎದ್ದಿತು. ಗೋಡೆಗಳು ಅವನು ಹೇಳಿದ ಹಾಗೆಯೇ ನಿಂತವು. ಮೊದಲ ಆರಾಧನೆಯಲ್ಲಿ ಸೂಲಗಿತ್ತಿ ಅಜ್ಜಿ ಹಾಡಿನ ಸಾಲುಗಳನ್ನೆಲ್ಲ ಮರೆತು ಬರೀ ಅಳುತ್ತಾ ಕೂತಿದ್ದಳು. ಮೇಸ್ತ್ರಿಗೆ ತನ್ನ ಜನ್ಮ ಸಾರ್ಥಕವಾಯಿತು ಅನಿಸಿತು. ಅನಿಸಿದ್ದು ಸುಳ್ಳೇನಲ್ಲ.

ಒಂದೂವರೆ ವರ್ಷಕ್ಕೆ ಹೆಂಡತಿಯ ಕಾಲು ಊದಿಕೊಂಡವು. ಎರಡೂ ಮೂತ್ರಪಿಂಡ ಕೈಕೊಟ್ಟಿವೆ ಎಂದರು ಡಾಕ್ಟರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿ, "ನೋಡ್ಕೊಳ್ತೀನಿ ಅಂದಿದ್ರಲ್ಲ," ಎಂದಳು.

ಮೇಸ್ತ್ರಿ ಮರುದಿನವೇ ಪೇಟೆಯ ಚರ್ಚಿಗೆ ಹೋದ. ಅಲ್ಲಿಯ ಪಾದ್ರಿ ಸಣ್ಣ ವಯಸ್ಸಿನವರು, ಒಳ್ಳೆಯವರು. ರಿಜಿಸ್ಟರ್ ತೆರೆದು ತೋರಿಸಿದರು. ಗಂಡ ಹೆಂಡತಿ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ.

"ಜಾಗ ಸಾಲ್ತಿಲ್ಲ ಅಂತ ಸಮಿತಿಯವರು ನಿಯಮ ಮಾಡಿದಾರೆ, ಮೇಸ್ತ್ರಿಗಳೇ. ರಿಜಿಸ್ಟರಲ್ಲಿ ಹೆಸರಿದ್ರೆ ಮಾತ್ರ."

"ಹಾಗಾದ್ರೆ ಮಗುವನ್ನೇ ನಮ್ಮ ಕಡೆಗೆ ತಗೊಂಡು ಹೋಗ್ಲಾ?"

"ಇಪ್ಪತ್ತು ವರ್ಷ ಆದ್ಮೇಲೆ ಏನು ತಗೊಂಡು ಹೋಗ್ತೀರಿ? ಎಲ್ಲಿಗೆ ತಗೊಂಡು ಹೋಗ್ತೀರಿ?"

ಎಲ್ಲಿಗೆ? ಅವನ ಚರ್ಚಿನ ಸುತ್ತ ಹಾರೆ ಮುರಿಯುವ ಬಂಡೆ. ಅವನೇ ಹುಡುಕಿ ಆರಿಸಿದ ಬಂಡೆ.

"ಒಂದು ದಾರಿ ಇದೆ," ಎಂದರು ಪಾದ್ರಿ. "ವಾಪಸ್ ಬರ್ತೀವಿ ಅಂತ ಇಬ್ಬರೂ ಸಹಿ ಹಾಕಿ ಒಂದು ಕಾಗದ ಕೊಡಿ. ಅವತ್ತೇ ಹೆಸರು ಬರ್ಕೊಳ್ತೀನಿ. ಆದ್ರೆ ಅಲ್ಲಿ ಹನ್ನೊಂದಾಗುತ್ತೆ. ಅದು ನಿಮಗೆ ಗೊತ್ತು."

ಹಾಗಾದರೆ ಇನ್ನೊಂದು ಮನೆ ಹುಡುಕಿದರಾಯಿತು ಎಂದುಕೊಂಡ. ನಾಲ್ಕು ದಿನ ಊರೂರು ಅಲೆದ. ಅಂಚೆಯವನು ಚರ್ಚಿಗೆ ಆಗಾಗ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಅವನನ್ನು ಹಿಡಿದ. "ಅಲ್ಲಿ ತಂಪಾಗಿರುತ್ತೆ ಅಂತ ಬರ್ತೀನಿ ಮೇಸ್ತ್ರಿ, ಸುಳ್ಳು ಯಾಕೆ ಹೇಳ್ಲಿ?" ಎಂದ ಅಂಚೆಯವನು. ಪಕ್ಕದ ಊರಿನ ಕಮ್ಮಾರನ ಹೆಂಡತಿ ಆಗಲಿ ಅಂದಳು, ಕಮ್ಮಾರ ಆಗಲ್ಲ ಅಂದ. ದನದ ಡಾಕ್ಟರಿಗೆ ವರ್ಗವಾಗಿತ್ತು. ಜೀವಮಾನದಲ್ಲಿ ಯಾರ ಮುಂದೆಯೂ ಹಲ್ಲು ಗಿಂಜದ ಮನುಷ್ಯ ಕಂಡಕಂಡವರ ಮುಂದೆ ಕೈ ಚಾಚಿ ಬರಿಗೈಯಲ್ಲಿ ಬಂದ.

ಕೊನೆಗೆ ಸಭೆಯವರನ್ನೇ ಕೂಡಿಸಿ ವಿಷಯ ಹೇಳಿದ. ಯಾರಾದರೂ ಜಗಳ ಮಾಡಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಸಿಟ್ಟಿನಲ್ಲಿ ಎದ್ದು ಬಂದು ಸಹಿ ಹಾಕಿಬಿಡುತ್ತಿದ್ದ. ಯಾರೂ ಚಕಾರ ಎತ್ತಲಿಲ್ಲ. ಸೂಲಗಿತ್ತಿ ಅಜ್ಜಿಯೇ ಹೇಳಿದಳು: "ಹೋಗಪ್ಪ. ಆ ಮಗುವನ್ನ ಈ ಕೈಯಲ್ಲೇ ಎತ್ತಿಕೊಂಡಿದ್ದೆ. ತಾಯಿ ಅದರ ಹತ್ರ ಹೋಗ್ಲಿ. ನಾವು ಮೊದಲು ಹೇಗಿದ್ವೋ ಹಾಗೇ ಇರ್ತೀವಿ." ಹೇಳಿ, ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಳು. ಎದ್ದರೆ ಮತ್ತೆ ಕೂರಲು ಸಿಗುವುದಿಲ್ಲವೇನೋ ಎಂಬಂತೆ ಕೂತಳು. ಮೇಸ್ತ್ರಿಗೆ ಅದನ್ನು ನೋಡಲಾಗಲಿಲ್ಲ.

ಮನೆಗೆ ಬಂದು ಹೆಂಡತಿಯ ಮಂಚದ ಪಕ್ಕ ಕೂತ. ಬಾಯಿಗೆ ಬಂದದ್ದು ಅವನಿಗೇ ಗೊತ್ತಿಲ್ಲದೆ ಬಂತು. "ಆಗಲ್ಲವಂತೆ ಕಣೇ. ನಿಯಮ ಅಂತೆ. ಪಾದ್ರಿಗಳ ಕಾಲು ಹಿಡಿದೆ. ಕೇಳ್ಲಿಲ್ಲ."

ಅವಳು ಪೂರ್ತಿ ಕೇಳಿಸಿಕೊಂಡಳು. "ಕಾಲು ಹಿಡಿದ್ರಾ?"

"ಹೂಂ."

"ಪೇಟೆ ಪಾದ್ರಿಗಳು ಮಧ್ಯಾಹ್ನ ಇಲ್ಲಿಗೆ ಬಂದಿದ್ರು. ನೀವು ಕೂತಿರೋ ಸ್ಟೂಲ್ ಮೇಲೇ ಕೂತಿದ್ರು."

ಮೇಸ್ತ್ರಿ ನೆಲ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಕಾಗದ ಅವರೇ ಬರೆದುಕೊಟ್ಟು ಹೋದ್ರು," ಎಂದು ದಿಂಬಿನ ಕೆಳಗಿಂದ ಮಡಿಸಿದ ಹಾಳೆ ತೆಗೆದಳು. ಅವಳ ಸಹಿ ಸೊಟ್ಟಗೆ, ಗೆರೆಯಿಂದ ಕೆಳಗೆ ಜಾರಿತ್ತು. "ನಂದು ಹಾಕಿದೀನಿ. ನಿಮ್ಮದೊಂದು ಬಾಕಿ. ಹನ್ನೊಂದಾಗುತ್ತೆ ಅಂತ ನನಗೂ ಗೊತ್ತು ರೀ. ಹನ್ನೆರಡು ಮಾಡೋಕೆ ಅವತ್ತು ಹಾಕಿದ್ನಲ್ಲ? ಇವತ್ತು ನೀವು ಹಾಕಿ."

ಪೆನ್ನು ತೆಗೆದುಕೊಂಡ. ಕಣ್ಣ ಮುಂದೆ ಬೆಂಚು ಹಿಡಿದುಕೊಂಡ ಅಜ್ಜಿಯ ಎರಡು ಕೈಗಳು. "ಭಾನುವಾರ ಒಂದು ಆರಾಧನೆ ಮುಗೀಲಿ," ಎಂದ. "ಮುಗಿದ ತಕ್ಷಣ ಹಾಕ್ತೀನಿ. ಆಣೆ."

ಅದು ಗುರುವಾರ. ಅವಳು ವಾದಿಸಲಿಲ್ಲ, ಅಳಲಿಲ್ಲ. "ಆಯ್ತು," ಎಂದಳು.

ಶನಿವಾರ ಬೆಳಿಗ್ಗೆ ಅವನು ಹಾಲು ತಂದು ಒಳಗೆ ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮೇಸ್ತ್ರಿ ಹಾಲಿನ ಪಾತ್ರೆಯನ್ನು ನೆಲದ ಮೇಲಿಟ್ಟ. ದಿಂಬಿನ ಕೆಳಗೆ ಕೈ ಹಾಕಿ ಕಾಗದ ಎಳೆದು, ಅವಳ ಮಂಚದ ಪಟ್ಟಿಯ ಮೇಲೇ ಹರಡಿ, ಅವಳ ಸಹಿಯ ಪಕ್ಕ ತನ್ನ ಸಹಿ ಹಾಕಿದ. ಅಕ್ಕಪಕ್ಕದವರು ಅಳುತ್ತಾ ಒಳಗೆ ಬರುತ್ತಿದ್ದರೆ ಅವನು ಹೊರಗೆ ಓಡಿದ. ದಾರಿಯಲ್ಲಿ ಸಿಕ್ಕ ಅಂಚೆಯವನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಏದುಸಿರು ಬಿಡುತ್ತಾ ಹೊಳೆ ದಾಟಿಸಿದ.

ಪಾದ್ರಿ ಕಾಗದ ಓದಿದರು. ಎರಡೂ ಸಹಿ ನೋಡಿದರು. ಮೇಸ್ತ್ರಿಯ ಮುಖ ನೋಡಿದಾಗ ಅವರಿಗೆ ಎಲ್ಲ ಅರ್ಥವಾಯಿತು.

"ಯಾವಾಗ ಹೋದ್ರು?"

"ಈಗ. ಬೆಳಿಗ್ಗೆ." ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಪಾದ್ರಿ ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಸಮಿತಿಯವರ ಮನೆಗೆಲ್ಲ ಹೋಗಿ ಕೇಳ್ತೀನಿ," ಎಂದು ಹೊರಟವರು ಒಂದು ತಾಸಿನ ಮೇಲೆ ತಲೆ ತಗ್ಗಿಸಿಕೊಂಡು ಬಂದರು. ತೀರಿಕೊಂಡವರ ಹೆಸರನ್ನು ಹೊಸದಾಗಿ ಬರೆದುಕೊಳ್ಳಲು ಬರುವುದಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ಊರಿನವರಿಗೆಲ್ಲ ಇರುವ ಸಾರ್ವಜನಿಕ ಜಾಗ ಇದೆಯಲ್ಲ, ಅಲ್ಲಿ ಮಣ್ಣು ಮಾಡಲಿ ಎಂದಿದ್ದರು.

ಅವರು ರಿಜಿಸ್ಟರ್ ತೆರೆದರು. ಮುಚ್ಚಲಿಲ್ಲ. ತುಂಬ ಸಂಕೋಚದಿಂದ ಕೇಳಿದರು: "ಕಾಗದದಲ್ಲಿ ನಿಮ್ಮ ಸಹಿಯೂ ಇದೆ, ಮೇಸ್ತ್ರಿಗಳೇ. ನಿಮ್ಮೊಬ್ಬರ ಹೆಸರು ಬರ್ಕೊಳ್ಳಬಹುದು. ಮಗಳ ಪಕ್ಕದ ಜಾಗ ನಿಮಗೆ ಸಿಗುತ್ತೆ. ಬರ್ಕೊಳ್ಲಾ?"