ರೋಗವಿಲ್ಲದವರ ಒಕ್ಕೂಟ

ಆಷಾಢದ ಒಂದು ಸೋಮವಾರ, ಬೆಳಗ್ಗೆ ಹತ್ತು ಗಂಟೆ. ರಾಮನಗರದ ನಮ್ಮ ರೇಷ್ಮೆ ಸಂಘದ ಕೋಣೆಯಲ್ಲಿ ಹಾಜರಿದ್ದವರು: ನಮ್ಮ ಅಧ್ಯಕ್ಷರು, ಚನ್ನಪಟ್ಟಣ, ಕನಕಪುರ, ಮಾಗಡಿ ಸಂಘಗಳ ಮುಖಂಡರು, ಕಾರ್ಯದರ್ಶಿಯಾದ ನಾನು. ಬಿತ್ತನೆ ಗೂಡಿನ ಮೊಟ್ಟೆಯಿಂದ ಮುಂದಿನ ಬೆಳೆಗೂ ಹರಡುವ ಗಂಟುರೋಗ ಹುಳುಗಳಿಗೆ ಎಲ್ಲಿ ಕಂಡರೂ ಕೂಡಲೇ ಪರಸ್ಪರ ತಿಳಿಸಲು ಒಕ್ಕೂಟ ಕಟ್ಟುತ್ತಿದ್ದೆವು. ಯಾರನ್ನು ಸೇರಿಸಬೇಕೆಂಬುದೇ ಅಂದಿನ ವಿಷಯ.

ಅಧ್ಯಕ್ಷರು ದನಿ ಏರಿಸಿದ್ದನ್ನು ನಾನೆಂದೂ ಕೇಳಿರಲಿಲ್ಲ. ಯಾರಾದರೂ ರೇಗಿದರೆ ಎಲೆಯಡಿಕೆ ತಟ್ಟೆಯನ್ನು ಅವರತ್ತ ಸರಿಸಿ, "ಒಸಿ ತಾಳಪ್ಪ" ಎನ್ನುತ್ತಿದ್ದರು.

ಕೈಲಾಂಚದ ಹುಳು ಸಾಕುವವರ ಪರವಾಗಿ ಒಬ್ಬ ರೈತ ಬಂದು ಬಾಗಿಲಲ್ಲಿ ನಿಂತ.

"ನಮ್ಮೂರ್ನೂ ಸೇರಿಸ್ಕಳಿ ಬುದ್ಧಿ. ಎಲ್ಡು ಬೆಳೆ ಹುಳ ಸತ್ತೋದೊ. ಒಳ್ಳೆ ಬಿತ್ತನೆ ಗೂಡು ಎಲ್ಲೈತೆ ಅಂತ ತಿಳೀದೆ ಇನ್ನೊಂದು ಬೆಳೆ ಹೋದ್ರೆ ಹಿಪ್ಪುನೇರಳೆ ಕಿತ್ತಾಕ್ಬೇಕಾಯ್ತದೆ."

"ಒಸಿ ತಾಳಪ್ಪ. ರೋಗ ಇರೋರ್ನ ಸೇರಿಸ್ಕಂಡ್ರೆ ಒಕ್ಕೂಟದ ಹೆಸ್ರು ಏನಾಯ್ತದೆ?"

"ರೋಗ ಬಂದದ್ದು ನಿಮ್ಮನೆ ಬಿತ್ತನೆ ಗೂಡಿಂದ್ಲೇ ಅಲ್ವಾ ಸ್ವಾಮಿ!"

ಅಧ್ಯಕ್ಷರು ತಟ್ಟೆ ಹಿಡಿದು ಬಾಗಿಲವರೆಗೂ ಹೋದರು. ಅವನು ಮುಟ್ಟಲಿಲ್ಲ.

ಮಾಗಡಿಯವರು ನಕ್ಕರು. "ಬೆಳೆ ಕಳ್ಕಂಡೋನು ಏನ್ ಬೇಕಾದ್ರೂ ಅಂತಾನೆ. ನಡಿಯಲೇ, ನಡಿ."

ಅವನು ಹೋದ ಮೇಲೆ ಅಧ್ಯಕ್ಷರು ಒಬ್ಬೊಬ್ಬರನ್ನೂ "ನಿಮ್ಮಲ್ಲಿ ರೋಗ ಐತಾ?" ಎಂದು ಕೇಳಿದರು. ಎಲ್ಲರೂ ಇಲ್ಲವೆಂದರು. ಹಾಗೆಂದವರೆಲ್ಲ ಸದಸ್ಯರಾದರು. ಅಧ್ಯಕ್ಷರನ್ನು ಮಾತ್ರ ಯಾರೂ ಕೇಳಲಿಲ್ಲ.

ಸಂಜೆ ಕನಕಪುರದವರು, ಒಕ್ಕೂಟದವರ ಮಾಲೆಂಬ ನಂಬಿಕೆಯಿಂದ, ಅಧ್ಯಕ್ಷರ ಮನೆಯ ಬಿತ್ತನೆ ಗೂಡನ್ನೇ ಕೊಂಡರು. ಗಾಡಿಗೇರಿದ ಕೊನೆಯ ಬುಟ್ಟಿಗೆ ಅಧ್ಯಕ್ಷರು ತಾವೇ ನಿಂತು ಹಗ್ಗ ಬಿಗಿದರು.