ಹುಳಿ ಮುರಿಯುವ ಸುಣ್ಣ

ನಮ್ಮಪ್ಪ ಬೆಲ್ಲ ಮಾಡುವವನು. ಗಡಹಿಂಗ್ಲಜ ಹತ್ತಿರದ ಮಹಾಗಾಂವದಲ್ಲಿ, ಗಾಣದ ಕಡಾಯಿ ಮುಂದೆ ನಿಂತೇ ಅವನ ಆಯುಷ್ಯ ಕಳೆಯಿತು. ಕಬ್ಬಿನ ಹಾಲು ಹುಳಿ ಇದ್ದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ಅಪ್ಪ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ ಸುಣ್ಣದ ತಿಳಿನೀರು ಹಾಕುತ್ತಿದ್ದ. ಹುಳಿ ಮುರಿಯುತ್ತಿತ್ತು, ಬೆಲ್ಲ ಕಲ್ಲಿನಂತೆ ಬೀಳುತ್ತಿತ್ತು. ಇದರಲ್ಲಿ ಅವನು ತಪ್ಪಿದ್ದನ್ನು ಯಾರೂ ನೋಡಿಲ್ಲ. ಅದೇ ಮುಂದೆ ಅವನಿಗೆ ಮುಳುವಾಯಿತು.

ಅವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತು. ಕೊಲ್ಹಾಪುರದ ದವಾಖಾನೆಯಲ್ಲಿ ಹೊಸ ಔಷಧ ಶುರು ಮಾಡಿದರು. ಕೆಲವು ವಾರಕ್ಕೊಮ್ಮೆ ಸಲೈನ್ ಹಚ್ಚಿ ಕೊಡುವುದು. ನಾನು ಇಚಲಕರಂಜಿಯ ಕಬನೂರಿನಲ್ಲಿ ಮಗ್ಗ ನಡೆಸುತ್ತೇನೆ. ಸಲೈನ್ ಇದ್ದ ದಿನ ರಜೆ ಹಾಕಿ ಅವನ ಜೊತೆ ಹೋಗುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಏನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ. ಕೇಳಿದ್ದು ಅಪ್ಪನೇ.

ಡಾಕ್ಟರು ನಿಪ್ಪಾಣಿ ಕಡೆಯವರು. ಕನ್ನಡದಲ್ಲೇ ಹೇಳಿದರು. "ಕಾಕಾ, ಈ ಔಷಧ ತಾನ ಗಂಟು ಕೊಲ್ಲೂದಿಲ್ರಿ. ನಿಮ್ಮ ರಕ್ತದಾಗ ರೋಗದ ಜೋಡಿ ಬಡದಾಡೂ ಸಿಪಾಯಿಗೋಳು ಇರ್ತಾರಲ್ಲ, ಅವರನ್ನ ಎಬ್ಬಿಸಿ ಬಿಡತೈತಿ. ಆದ್ರ ಗಂಟು ಸಕ್ಕರಿ ತಿಂದು ತಿಂದು ತನ್ನ ಸುತ್ತ ಹುಳಿ ಮಾಡ್ಕೊಂಡಿರತೈತಿ. ಆ ಹುಳ್ಯಾಗ ಸಿಪಾಯಿಗೋಳು ಸುಸ್ತ ಆಗ್ತಾರ."

"ಹಂಗಾರ ಔಷಧ ತಗೊಂಡು ಏನ್ ಫಾಯದೆ?"

"ಕೆಲವರಿಗೆ ಹತ್ತತೈತಿ, ಕೆಲವರಿಗೆ ಇಲ್ಲ. ನೋಡೂಣ್ರಿ."

ಗಡಹಿಂಗ್ಲಜ ಬಸ್ಸಿನಲ್ಲಿ ಅಪ್ಪ ಒಮ್ಮೆಲೇ ನಕ್ಕ. "ಹುಳಿ ಮುರಿಯೂದು ನನಗ ಕಲಸ್ತಾನೇನಲೇ ಅವ? ಜಲ್ಮೆಲ್ಲಾ ಅದನ್ನ ಮಾಡೇನಿ. ಸುಣ್ಣದ ತಿಳಿ ಕುಡದ್ರ ಆತು."

"ಡಾಕ್ಟರ್‌ನ ಒಂದ್ ಮಾತ ಕೇಳೂಣಪಾ."

"ಯಾಕ? ಅವ ಬೆಲ್ಲ ಮಾಡ್ಯಾನೇನು?"

ಗಂಟು ಸಿಕ್ಕ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನಾನೂ ನಕ್ಕೆ.

ಮನೆಯಲ್ಲಿ ಹುಣಸೆ, ಲಿಂಬಿ, ಮೊಸರು ಎಲ್ಲ ಬಂದ್. ಅಪ್ಪನಿಗೆ ಹುಳಿ ಮಜ್ಜಿಗೆ ಅಂದರೆ ಜೀವ. ಜೋಳದ ರೊಟ್ಟಿ ಮುರಿದು ಅದರಲ್ಲಿ ಹಾಕಿಕೊಂಡರೇ ಅವನಿಗೆ ಊಟ. ಅದನ್ನೂ ಬಿಟ್ಟ. ಬೆಳಿಗ್ಗೆ ಎದ್ದು ಸುಣ್ಣದ ತಿಳಿ ಕುಡಿಯತೊಡಗಿದ. ಅವ್ವ ಮಜ್ಜಿಗೆ ಕಡೆಯುವುದನ್ನೇ ನಿಲ್ಲಿಸಿದಳು. ಬರೀ ಪಲ್ಯದ ಜೊತೆ ರೊಟ್ಟಿ ಅವನ ಗಂಟಲಲ್ಲಿ ಇಳಿಯಲಿಲ್ಲ. ಹೊಟ್ಟೆ ಕಟ್ಟಿತು, ವಾಂತಿ ಶುರುವಾಯಿತು. ಎಲ್ಲ ಔಷಧದ ತಾಪ ಎಂದುಕೊಂಡೆವು. ಎರಡು ಮೂರು ಸಲೈನ್ ಹೀಗೇ ಮುಗಿದವು. ಅಂಗಿ ಮೈಮೇಲೆ ಜೋತಾಡುತ್ತಿತ್ತು.

ಒಂದು ಸಲ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಅದು ಸರಿಯಿಲ್ಲ, ಈ ಸಲ ಸಲೈನ್ ಹಚ್ಚುವುದಿಲ್ಲ ಎಂದರು. ಏನೇನು ತಿನ್ನುತ್ತೀರಿ ಎಂದು ವಿಚಾರಿಸಿದರು. ಅಪ್ಪ ಎದೆ ಉಬ್ಬಿಸಿ ಸುಣ್ಣದ ವಿಷಯ ಹೇಳಿದ.

"ಅಯ್ಯ ಕಾಕಾ! ಬಾಯಾಗಿಂದ ಹಾಕಿದ್ದು ಅಲ್ಲೀ ತನಕ ಮುಟ್ಟೂದಿಲ್ರಿ. ಮಜ್ಜಿಗಿ ಹುಳಿನೂ ಮುಟ್ಟೂದಿಲ್ಲ. ಆ ಹುಳಿ ಗಂಟು ತಾನ ಮಾಡ್ಕೊಳ್ಳೂದು. ಅದನ್ನ ಮುರಿಯಾಕ ದೊಡ್ಡದೊಡ್ಡವರು ಹಾದಿ ಹುಡುಕಾಕತ್ತಾರ, ಇನ್ನೂ ಖಾತ್ರಿ ಹಾದಿ ಸಿಕ್ಕಿಲ್ಲ. ಮೊದಲ ಸುಣ್ಣ ಬಿಡ್ರಿ. ಹೊಟ್ಟಿತುಂಬ ಉಣ್ರಿ."

ಅಪ್ಪ ಮರುದಿನದಿಂದ ಸುಣ್ಣ ಬಿಟ್ಟ. ಮಜ್ಜಿಗೆ ಮಾತ್ರ ಕೇಳಲಿಲ್ಲ.

ಆಮೇಲೆ ಔಷಧ ಮತ್ತೆ ಶುರು ಮಾಡಿದರು. ಗಂಟು ಇಳಿಯಲಿಲ್ಲ, ಬೆಳೆಯಿತು. ಇನ್ನು ಔಷಧ ಸಾಕು ಎಂದರು ಡಾಕ್ಟರು. ಅಪ್ಪನನ್ನು ಹೊರಗೆ ಕೂರಿಸಿ ನಾನು ಒಬ್ಬನೇ ಒಳಗೆ ಹೋದೆ. ಸುಣ್ಣ ಕುಡಿಯದೇ, ಸರಿಯಾಗಿ ಉಂಡುಕೊಂಡು ಇದ್ದಿದ್ದರೆ ಔಷಧ ಹತ್ತುತ್ತಿತ್ತೇ ಎಂದು ಕೇಳಿದೆ.

"ಹೇಳಾಕ ಬರೂದಿಲ್ಲ ತಮ್ಮಾ," ಎಂದರು.

ಇಲ್ಲ ಎಂದು ಸುಳ್ಳಾದರೂ ಹೇಳಬಹುದಿತ್ತು.

ಮನೆಗೆ ಬಂದ ಕೂಡಲೇ ಅಪ್ಪ ಮಜ್ಜಿಗೆ ಕೇಳಿದ. ಅವ್ವ ಕೊಟ್ಟಳು. ಒಂದು ಗುಟುಕು ಕುಡಿದು ಕೆಳಗಿಟ್ಟ.

"ಇದರಾಗ ಹುಳೀನ ಇಲ್ಲಲಾ."

ಹುಳಿ ಏನೂ ಮಾಡುವುದಿಲ್ಲ ಎಂದು ಅವ್ವನಿಗೆ ಹೇಳಿದ್ದೆ. ಆದರೂ ಕೈ ಬಂದಿರಲಿಲ್ಲ, ಸಿಹಿ ಮೊಸರನ್ನೇ ಕಡೆದಿದ್ದಳು. ನಾನು ಪಕ್ಕದ ಮನೆಗೆ ಹೋಗಿ ಹಳೆಯ ಮಜ್ಜಿಗೆ ತಂದೆ. ಅಪ್ಪ ಕುಡಿದು ಮುಖ ಕಿವುಚಿದ. "ಹಾಂ, ಇದ ನೋಡ!" ರೊಟ್ಟಿ ಬೇಡಿದ. ಅದರಲ್ಲಿ ಮುರಿದು ಹಾಕಿಕೊಂಡು ಅರ್ಧ ತಿಂದ. ಉಳಿದದ್ದು ಹೋಗಲಿಲ್ಲ.

"ಸುಮ್ಮನ ಬಿಟ್ಟಿದ್ನಲಾ ಇದನ್ನ," ಎಂದ.

ಅವ್ವ ಮೊಸರಿನ ಗಡಿಗೆ ಎತ್ತಿ, ನಾಳೆಗೆ ಹುಳಿಯಲಿ ಎಂದು ಒಲೆಯ ಬದಿಗೆ ಇಟ್ಟಳು. ಆ ಮಜ್ಜಿಗೆ ಅವನಿಗೆ ಸಿಕ್ಕಿತು. ಬಹಳ ದಿನ ಕುಡಿಯಲು ಅವನು ಉಳಿಯಲಿಲ್ಲ.