ಚಂದ್ರಿ ಒಕ್ಕಲಾದ ಮನೆ

ಬೆಳಿಗ್ಗೆ ಅಂಗಳ ಸಾರಿಸಿದೆ, ಹದಿನಾಲ್ಕು ರೊಟ್ಟಿ ಬಡಿದೆ, ಅದಕ್ಕೆ ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದೆ, ಹೊರಸಿನ ಸಡಿಲಾದ ಹಗ್ಗ ಬಿಗಿದೆ, ಬಾಜೂಮನೆಯ ಎಮ್ಮೆಯನ್ನು ನಮ್ಮ ಹಿತ್ತಲಲ್ಲಿ ಅಡಗಿಸಿದೆ. ಕೊನೆಯದು ನನ್ನ ನಿತ್ಯದ ಕೆಲಸವಲ್ಲ, ಹೇಳುತ್ತೇನೆ, ಕೇಳಿ.

ಸಂಶಿಯಿಂದಾಚೆಯ ನಮ್ಮೂರಲ್ಲಿ ಬಾಜೂಮನೆಯ ಗಂಗವ್ವನಿಗೆ ಸರ್ಕಾರದ ಮನೆ ಮಂಜೂರಾಗಿ, ಅವಳ ಹಳೆಯ ಮಣ್ಣಿನ ಮಾಳಿಗೆಮನೆಯ ಎದುರಿಗೇ ಎದ್ದು ನಿಂತಿತು. ಗಂಗವ್ವ ಅಲ್ಲಿ ಹಾಲುಕ್ಕಿಸಿದಳು, ಎರಡು ದಿನ ಬೆವತಳು, ಮೂರನೆಯ ದಿನ ಮಾಳಿಗೆಯ ತಂಪಿಗೆ ಮರಳಿದಳು. ಹೊಸ ಮನೆ ಖಾಲಿ ಬಿಡಬಾರದಲ್ಲವೇ, ಅಲ್ಲಿ ಎಮ್ಮೆ ಚಂದ್ರಿಯನ್ನು ಕಟ್ಟಿದಳು. ತೊಳೆಯಲು ಹಗುರಾದ ಸಿಮೆಂಟಿನ ನೆಲ, ತಲೆಯ ಮೇಲೆ ತಿರುಗುವ ಫ್ಯಾನು. ಚಂದ್ರಿ ಹಾಲು ಹೆಚ್ಚಿಸಿದಳು.

ಇಂದು ಧಾರವಾಡದಿಂದ ಅರ್ಥಶಾಸ್ತ್ರದ ಸಂಶೋಧಕಿಯೊಬ್ಬಳು ಬರುವವಳಿದ್ದಳು. ಹೊಸ ಮನೆ ಕೊಟ್ಟರೆ ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂಬುದು ಅವಳ ಅಧ್ಯಯನ. ಗಂಗವ್ವ ಬೆಳಿಗ್ಗೆಯೇ ನನ್ನ ಬಾಗಿಲಿಗೆ ಬಂದಳು.

"ಎಮ್ಮಿ ಕಂಡ್ರ ಮನೀನ ಕಸಗೊಂತಾರ, ಶಾಂತಕ್ಕಾ. ನಿನ್ನ ಹೊರಸು ಕೊಡು, ನನ್ನ ಎಮ್ಮಿ ಇಟಗೊ."

ಹಾಗಾಗಿ ನನ್ನ ಹೊರಸು ಅಲ್ಲಿಗೆ, ಚಂದ್ರಿ ಇಲ್ಲಿಗೆ.

ಸಂಶೋಧಕಿ ಬಂದವಳೇ ಹೊರಸಿನ ಮೇಲೆ ಕೂತು ಕಾಗದ ಬಿಡಿಸಿದಳು. "ಈ ಮನ್ಯಾಗ ಯಾರ್ಯಾರು ಇರ್ತೀರಿ?"

"ನಾ ಒಬ್ಬಾಕೀನ ಇರ್ತೇನ್ರಿ," ಎಂದು ಗಂಗವ್ವ ಹೇಳಿ ಮುಗಿಸುವಷ್ಟರಲ್ಲಿ ಚಂದ್ರಿ ನಾನು ಹಾಕಿದ ಗಂಟು ಕಿತ್ತುಕೊಂಡು, ಅತ್ತಿತ್ತ ನೋಡದೆ ಹೊಸ್ತಿಲು ದಾಟಿ ಬಂದು, ಹೊರಸಿನ ಮುಂದೆ ನಿಂತು, ಜಾಗ ಬಿಡಿ ಎನ್ನುವಂತೆ ನೋಡಿದಳು. ಸಂಶೋಧಕಿ ಎದ್ದು ಜಾಗ ಬಿಟ್ಟಳು.

"ಇದು ಯಾರ್ದರಿ?"

"ಬೀಗರ ಎಮ್ಮಿರಿ," ಎಂದಳು ಗಂಗವ್ವ. "ಮಾತಾಡ್ಸಿ ಹೋಗಾಕ ಬಂದೈತಿ."

ಹುಡುಗಿ ನಗು ತಡೆಯಲಾರದೆ ಗೋಡೆ ಹಿಡಿದಳು. "ಅವ್ವಾರ, ನಾ ಮನಿ ಕಸಗೊಳ್ಳಾಕಿ ಅಲ್ರಿ. ನಿಮ್ಮ ಹೆಸರು ಸೈತ ಬರಿಯೂದಿಲ್ಲ. ನೀವ್ಯಾಕ ಇಲ್ಲಿರಂಗಿಲ್ಲ, ಅಷ್ಟ ಹೇಳ್ರಿ."

"ಮಾಳಗಿ ತಂಪ ಐತೆವ್ವಾ. ಕರೆಂಟ್ ಹೋತಂದ್ರ ಎಮ್ಮೀನೂ ನನ್ನ ಕಡೀಗನ ಬರ್ತೈತಿ."

ಹುಡುಗಿ ಇದನ್ನು ಬಹಳ ಹೊತ್ತು ಬರೆದಳು. ಆಮೇಲೆ ನನ್ನನ್ನೂ ಕೇಳಿದಳು. ಅಳ್ನಾವರದಿಂದ ಲಗ್ನವಾಗಿ ಬಂದವಳು ಎಂದೆ. ಒಂದೇ ಗೆರೆಯಲ್ಲಿ ನಾನು ಮುಗಿದೆ. ಆದರೆ ನೋಡಿ, ಬಂದ ಹೊಸತರಲ್ಲಿ ತವರಿನ ರೈಲಿನ ಸಪ್ಪಳವಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ತವರಿಗೆ ಹೋದರೆ ಅದೇ ರೈಲು ನಿದ್ದೆಗೆಡಿಸುತ್ತದೆ. ನಾನು ಇಲ್ಲಿಗೆ ನಿಜವಾಗಿ ಬಂದದ್ದು ಆ ಎರಡರ ನಡುವೆ ಯಾವತ್ತೋ. ಯಾವ ದಿನ ಇದು ನನ್ನ ಮನೆಯಾಯಿತೆಂದು ಚಂದ್ರಿಯಷ್ಟು ಖಚಿತವಾಗಿ ಹೇಳಲು ನನಗಾಗದು.

ಸಂಜೆ ಹೊರಸು ಮರಳಿತು, ಒಂದು ಕಾಲಿಗೆ ಸೆಗಣಿ ಮೆತ್ತಿಕೊಂಡು. ರೊಟ್ಟಿ, ಹಿಂಡಿ, ಜೊತೆಗೆ ಗಂಗವ್ವ ಕೊಟ್ಟ ಗಟ್ಟಿ ಮೊಸರು ಉಂಡೆವು. ಎಲ್ಲರಿಗಿಂತ ಮೊದಲು ಮಲಗಿದವಳು ಚಂದ್ರಿ, ತನ್ನ ಮನೆಯಲ್ಲಿ, ಫ್ಯಾನಿನ ಕೆಳಗೆ.